ಅತ್ತೆಯ ಪೇಷಂಟು

ಬೀಗಣ್ಣ ಬೀಗುವುದಕ್ಕೆ ಕಾರಣವಿತ್ತು. ಬಸ್ ನಿಲ್ದಾಣದ ಪಕ್ಕದ ಅವನ ಅಂಗಡಿಗೆ ಬಂದ ಬೀಗ ತೆರೆಯದೆ ವಾಪಸ್ಸು ಹೋದದ್ದಿಲ್ಲ. ಕೀ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಬೀದಿಯಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತ ನಿಂತವರು, ತಿಜೋರಿಯ ನಂಬರು ಮರೆತ ವ್ಯಾಪಾರಿಗಳು, ಹೆಂಡತಿಯ ಜೊತೆ ಜಗಳವಾಡಿ ಬಚ್ಚಲುಮನೆಗೆ ಚಿಲಕ ಹಾಕಿಕೊಂಡು ಆಮೇಲೆ ತೆಗೆಯಲಾಗದೆ ಕೂತ ಗಂಡಂದಿರು, ಎಲ್ಲರಿಗೂ ಅವನೇ ಗತಿ. ಊರವರು ಇಟ್ಟ ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಹೆತ್ತವರು ಇಟ್ಟ ಹೆಸರಿನಿಂದ ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವನು ಅತ್ತಿತ್ತ ನೋಡುತ್ತಿದ್ದ.

ಅವನ ನೆಮ್ಮದಿಗೆ ಅಡ್ಡ ನಿಂತವು ಎರಡು. ಒಂದು ಅವನ ಕಿವಿ. ವರ್ಷಗಟ್ಟಲೆ ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜಿದ್ದಕ್ಕೆ ಎಡಗಿವಿ ಪೂರ್ತಿ ಮುಷ್ಕರ ಹೂಡಿತ್ತು, ಬಲಗಿವಿ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ಮಷಿನ್ ಹಾಕಿಸಿಕೊಳ್ಳಿ ಎಂದು ಹೆಂಡತಿ ಅಂದಾಗಲೆಲ್ಲ, ಅದು ಮುದುಕರಿಗೆ ಎಂದು ತಳ್ಳಿಹಾಕುತ್ತಿದ್ದ. ಇನ್ನೊಂದು ಅಡ್ಡಿ ಎಂದರೆ ಡೂಪ್ಲಿಕೇಟ್. ಕೀ ನಕಲು ಮಾಡುವ ಈ ಆಸಾಮಿ ಊರಲ್ಲಿ ಬೇರೆಲ್ಲೂ ಜಾಗವೇ ಸಿಗಲಿಲ್ಲವೇನೋ ಎಂಬಂತೆ ಬೀಗಣ್ಣನ ಮನೆಯ ಎದುರಿಗೇ ಅಂಗಡಿ ತೆರೆದು, 'ಯಾವ ಬೀಗವಾದರೂ ಕ್ಷಣದಲ್ಲಿ' ಎಂದು ಕೆಂಪು ಬಣ್ಣದಲ್ಲಿ ಬೋರ್ಡು ಬರೆಸಿದ್ದ. ಬೀಗಣ್ಣ ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಮೊದಲು ಕಾಣುವುದೇ ಆ ಬೋರ್ಡು. ಡೂಪ್ಲಿಕೇಟ್ ಎಂಬ ಹೆಸರಿಟ್ಟು ಊರಲ್ಲಿ ಹಬ್ಬಿಸಿದ್ದು ಬೀಗಣ್ಣನೇ. ಅವನಿಗೆ ಅಷ್ಟಾದರೂ ಸಮಾಧಾನ.

ಇಂಥ ಮನೆಗೆ ಅತ್ತೆ ಬಂದು ಸೇರಿದರು.

ಅತ್ತೆ ಸಾಮಾನ್ಯರಲ್ಲ. ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿ ಊರಿನ ಓಣಿ ಓಣಿ ಸವೆಸಿದವರು. ಯಾರ ಮನೆಯ ಮೀಟರು ಮೆಟ್ಟಿಲ ಕೆಳಗಿದೆ, ಯಾರ ನಾಯಿ ಬೊಗಳುತ್ತದೆ, ಯಾರದ್ದು ಕಚ್ಚುತ್ತದೆ, ಯಾರು ಬಿಲ್ಲು ನೋಡಿ ಅಳುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ನಿವೃತ್ತಿಯಾಗಿ, ಗಂಡ ತೀರಿಕೊಂಡು, ಒಬ್ಬರೇ ಇದ್ದು ಬೇಸರ ಬಂದು ಮಗಳ ಮನೆಗೆ ಬಂದಾಗಲೂ ನಡಿಗೆ ಮಾತ್ರ ಹಾಗೇ ಇತ್ತು. ಜೊತೆಗೆ ನಡೆಯುವವರು ಓಡಬೇಕು.

ಮೊದಮೊದಲು ಯಾರಿಗೂ ಅನುಮಾನ ಬರಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದರು, ಬೀಗಣ್ಣನಿಗೆ ಮೊದಲ ಸಲ ಕೇಳಿಸುತ್ತಿರಲಿಲ್ಲವಾದ್ದರಿಂದ ಅವನಿಗದು ಅನುಕೂಲವೇ ಆಗಿತ್ತು. ಆಮೇಲೆ ಒಂದು ದಿನ ಎರಡು ಮನೆ ಆಚೆಯ ಟೈಲರ್ ಬಂದು, ನಿಮ್ಮತ್ತೆ ನಮ್ಮನೆಗೆ ಬಂದು ಮೀಟರ್ ಓದಿಕೊಂಡು ಹೋದರು, ಹೊರಗೆ ಹೋದವರೇ ತಿರುಗಿ ಬಂದು ಮತ್ತೆ ಓದಿದರು, ಕರೆಂಟು ಜಾಸ್ತಿ ಉರಿಸ್ತೀಯ ಅಂತ ಎರಡು ಸಲವೂ ಬೈದರು ಎಂದು ಹೇಳಿದ. ಇನ್ನೊಂದು ದಿನ ತಮ್ಮದೇ ಬೀದಿಯ ತಿರುವಿನಲ್ಲಿ ನಿಂತು, ಮನೆ ಯಾವ ಕಡೆ ಎಂದು ಹಾಲಿನವನನ್ನು ಕೇಳಿದರು. ಆಗ ಮಗಳು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಾರಣವಿಲ್ಲದೆ ಬೀಗಣ್ಣನೂ ಹೋದ.

ಮರೆವಿನ ವಿಭಾಗದ ಡಾಕ್ಟರಮ್ಮ ಸಣ್ಣ ದನಿಯ ಹೆಂಗಸು. ಅತ್ತೆಯ ಹತ್ತಿರ ಸಲಿಗೆಯಿಂದ ಮಾತಾಡುತ್ತ, ಮೂರು ಪದ ಹೇಳ್ತೀನಿ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳ್ತೀನಿ ಎಂದರು. ಕೊಡೆ, ಕಿತ್ತಳೆ, ಏಣಿ. ನಂತರ ಗಡಿಯಾರ ಬರೆಸಿದರು, ಲೆಕ್ಕ ಮಾಡಿಸಿದರು. ಅತ್ತೆ ಲೆಕ್ಕದಲ್ಲಿ ಹುಲಿ. ಗಡಿಯಾರದ ಮುಳ್ಳು ಮಾತ್ರ ಎಲ್ಲಿಡಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂತರು. ಕೊನೆಗೆ ಡಾಕ್ಟರಮ್ಮ ಆ ಮೂರು ಪದ ಕೇಳಿದಾಗ ಅತ್ತೆ ಒಂದು ಕ್ಷಣ ತಡೆದು, ಪಕ್ಕಕ್ಕೆ ಗದ್ದ ತೋರಿಸಿದರು.

"ನನ್ನನ್ನೇನು ಕೇಳ್ತೀರಿ, ಇವರೂ ಇಲ್ಲೇ ಕೂತಿದ್ರಲ್ಲ. ಇವರನ್ನೇ ಕೇಳಿ."

ಬೀಗಣ್ಣನಿಗೆ ಇಂಥ ಅವಕಾಶ ಬಿಡುವುದು ಗೊತ್ತಿರಲಿಲ್ಲ. ಶಾಲೆಯಲ್ಲಿ ಮೊದಲು ಕೈಯೆತ್ತುವ ಹುಡುಗನಂತೆ ಮುಂದೆ ಬಾಗಿ, "ಕೊಡ, ಕತ್ತಲೆ, ಓಣಿ" ಎಂದ.

ಡಾಕ್ಟರಮ್ಮ ಅವನನ್ನು ಆಸಕ್ತಿಯಿಂದ ನೋಡಿದರು. ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು; ಅವಳ ಭುಜ ಅಲುಗುತ್ತಿತ್ತು. ಅತ್ತೆ ಮಾತ್ರ ನಿಜವಾಗಿ ನೊಂದು, ಅಳಿಯನ ಕೈ ಹಿಡಿದು, "ಹೋಗಲಿ ಬಿಡಿ, ಅಳಿಯಂದ್ರೇ. ವಯಸ್ಸಾಯ್ತಲ್ಲ" ಎಂದರು.

ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮುಗಿದು ಆಲ್ಝೈಮರ್ ಕಾಯಿಲೆ ಎಂದು ಗೊತ್ತಾಯಿತು. ಈಗಿನ್ನೂ ಶುರು, ವಾಸಿಮಾಡುವ ಮದ್ದಿಲ್ಲ, ಮಾತ್ರೆಯಿಂದ ಒಂದಷ್ಟು ದಿನ ಸ್ವಲ್ಪ ಅನುಕೂಲವಾಗಬಹುದು, ಹೆಚ್ಚಿನದೆಲ್ಲ ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂಬುದರಲ್ಲಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಗಳು ಎಲ್ಲ ಕೇಳಿಸಿಕೊಂಡಳು. ಬೀಗಣ್ಣನಿಗೆ ಅರ್ಧ ಕೇಳಿಸಿತು. ಅತ್ತೆಗೆ ಪೂರ್ತಿ ಕೇಳಿಸಿತು, ಆದರೆ ಯಾರ ವಿಷಯ ಎಂಬಲ್ಲಿ ಸ್ವಲ್ಪ ಎಡವಟ್ಟಾಯಿತು. ಆಟೋದಲ್ಲಿ ಬರುವಾಗ ಮಗಳ ಕಿವಿಯಲ್ಲಿ, ನೀನು ಧೈರ್ಯವಾಗಿರು, ನಾನಿದ್ದೀನಿ, ಇಬ್ಬರೂ ಸೇರಿ ಇವರನ್ನ ಸಂಭಾಳಿಸೋಣ ಎಂದರು.

ಬೀಗಣ್ಣನ ಹೆಂಡತಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಅವಳು ಹೋದ ಮೇಲೆ ಬೀಗಣ್ಣನೂ ಅಂಗಡಿಗೆ ಹೊರಟರೆ, ಅವಳು ವಾಪಸ್ಸು ಬರುವವರೆಗೆ ಅತ್ತೆ ಒಬ್ಬರೇ. ಆ ಹೊತ್ತಿನಲ್ಲೇ ಅವರಿಗೆ ಡ್ಯೂಟಿಯ ನೆನಪಾಗುತ್ತಿತ್ತು. ಹೆಗಲಿಗೆ ಬ್ಯಾಗು ಹಾಕಿ, ಟಾರ್ಚು ಹಿಡಿದು ಹೊರಟರೆ ಹುಡುಕುವುದಕ್ಕೆ ಅರ್ಧ ಊರು ಅಲೆಯಬೇಕು.

ಬೀಗಣ್ಣ ಎದೆ ತಟ್ಟಿ, ಇದನ್ನ ನನಗೆ ಬಿಡು ಎಂದ. ಹೊರಗಿನಿಂದ ಬೀಗ ಹಾಕುವುದು ಹೆಂಡತಿಗೆ ಇಷ್ಟವಿರಲಿಲ್ಲ. ಸ್ವಲ್ಪ ಹೊತ್ತಿಗಷ್ಟೇ ಎಂದು ಅವನು ಒಪ್ಪಿಸಿದ. ಮೊದಲು ಸಾಧಾರಣ ಬೀಗ ಹಾಕಿ ಹೋದ. ಅತ್ತೆ ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಸಿಕ್ಕರು. ಅದಕ್ಕಿಂತ ಗಟ್ಟಿ ಬೀಗ ಹಾಕಿದ. ಅಂಚೆ ಕಚೇರಿಯ ಮೀಟರ್ ಓದುತ್ತಿದ್ದಾಗ ಸಿಕ್ಕರು. ಬ್ಯಾಂಕಿನವರು ಕೇಳಿದಾಗ ಮಾತ್ರ ಹೊರತೆಗೆಯುತ್ತಿದ್ದ, ಒಳಗೆ ಎರಡು ಹಂತ ಇರುವ ಬೀಗವನ್ನು ಒರೆಸಿ ಎಣ್ಣೆ ಬಿಟ್ಟು ತನ್ನ ಬಾಗಿಲಿಗೇ ಹಾಕಿದ. ಮಧ್ಯಾಹ್ನ ಹೆಂಡತಿ ಫೋನು ಮಾಡಿ, ಅಮ್ಮ ನನ್ನ ವ್ಯಾನಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿಕೊಂಡಿದ್ದಾರೆ, ಮಕ್ಕಳಿಗೆಲ್ಲ ಮಗ್ಗಿ ಹೇಳಿಸ್ತಿದ್ದಾರೆ ಎಂದಳು.

ವಿಚಿತ್ರವೆಂದರೆ ಮನೆಗೆ ಹೋಗಿ ನೋಡಿದರೆ ಬೀಗ ಹಾಕಿದ ಹಾಗೇ ಇರುತ್ತಿತ್ತು. ಒಂದು ಗೀರೂ ಇಲ್ಲ. ಒಂದು ಕೀ ಅವನ ಜೇಬಿನಲ್ಲೇ, ಇನ್ನೊಂದು ಹೆಂಡತಿಯ ಹತ್ತಿರ. ಬೀಗಣ್ಣ ಭೂತಗನ್ನಡಿ ಹಿಡಿದು ಬೀಗದ ತೂತು ಇಣುಕಿದ, ಬಾಗಿಲ ಕೆಳಗಿನ ಸಂದಿ ಅಳೆದ, ಅತ್ತೆ ಆ ಸಂದಿಯಲ್ಲಿ ತೂರಬಹುದೇ ಎಂದು ಒಂದು ಗಳಿಗೆ ಗಂಭೀರವಾಗಿ ಯೋಚಿಸಿದ.

ಅದೇ ಹೊತ್ತಿಗೆ ಅಂಗಡಿಯಲ್ಲೂ ಏನೋ ಸರಿಯಿರಲಿಲ್ಲ. ಗಿರಾಕಿಗಳು ಅವನೊಂದಿಗೆ ನಿಧಾನವಾಗಿ, ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡತೊಡಗಿದ್ದರು. ಹಳೆಯ ಸ್ನೇಹಿತ, ಫೋಟೊ ಸ್ಟುಡಿಯೋದವನು, ಬಂದು ಕೈ ಹಿಡಿದು, ನಾನು ಯಾರು ಹೇಳು ನೋಡೋಣ ಎಂದ. ಬೀಗಣ್ಣನಿಗೆ ಕೇಳಿಸಿದ್ದು 'ನಾಳೆ ಯಾರು' ಎಂದು. ನಾಳೆ ಯಾರೂ ಇಲ್ಲ, ರಜಾ ಎಂದುಬಿಟ್ಟ. ಸ್ನೇಹಿತನ ಕಣ್ಣಲ್ಲಿ ನೀರು ತುಂಬಿತು. ಪಕ್ಕದ ಚಹಾದ ಅಂಗಡಿಯವನು ಕೇಳದೆಯೇ ಚಹಾ ಕಳಿಸಿ, ಈಗಷ್ಟೇ ಕುಡಿದೆನಲ್ಲ ಎಂದು ಬೀಗಣ್ಣ ಅಂದರೆ, ಆಯ್ತು ಅಣ್ಣ, ಹಾಗೇ ಅಂದುಕೊಳ್ಳಿ ಎಂದ. ಏನೋ ಮಸಲತ್ತು ನಡೆಯುತ್ತಿದೆ ಎಂದು ಬೀಗಣ್ಣನಿಗೆ ಅನ್ನಿಸಿತು, ಆದರೆ ಅದಕ್ಕೂ ಅತ್ತೆಗೂ ಗಂಟು ಹಾಕಲು ತೋಚಲಿಲ್ಲ.

ಒಂದು ಬೆಳಗ್ಗೆ ಬೀಗ ಹಾಕಿ, ಅಂಗಡಿಗೆ ಹೊರಟವನ ಹಾಗೆ ನಾಲ್ಕು ಹೆಜ್ಜೆ ಹೋಗಿ, ತಿರುವಿನಲ್ಲಿದ್ದ ತರಕಾರಿ ಗಾಡಿಯ ಮರೆಯಲ್ಲಿ ನಿಂತ. ಹೆಚ್ಚು ಕಾಯಬೇಕಾಗಲಿಲ್ಲ. ಮನೆಯ ಕಿಟಕಿ ತೆರೆಯಿತು. ಅತ್ತೆ ಕೈ ಹೊರಹಾಕಿ, ಬಸ್ಸಿಗೆ ಕೈ ತೋರಿಸಿದ ಹಾಗೆ ತೋರಿಸಿದರು. ಎದುರಂಗಡಿಯಿಂದ ಡೂಪ್ಲಿಕೇಟ್ ಎದ್ದು, ಕೈಚೀಲ ಹಿಡಿದು, ಆ ಕಡೆ ಈ ಕಡೆ ನೋಡಿ ರಸ್ತೆ ದಾಟಿ ಬಂದ. ಬ್ಯಾಂಕಿನ ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಕಡ್ಡಿ ಆಡಿಸಿದ. ಬಾಗಿಲು ತೆರೆಯಿತು. ಅತ್ತೆ ಹೊರಬಂದು ಅವನ ತಲೆ ಸವರಿ ಹೊರಟರು. ಅವನು ಮತ್ತೆ ಬೀಗ ಹಾಕಿ, ಎಳೆದು ನೋಡಿ, ತನ್ನ ಜಾಗಕ್ಕೆ ಹೋಗಿ ಕೂತ.

ಬೀಗಣ್ಣನಿಗೆ ಮೈ ಉರಿದದ್ದು ಯಾವುದಕ್ಕೆ ಹೆಚ್ಚು ಎಂದು ಹೇಳುವುದು ಕಷ್ಟ. ಬೀಗ ತೆಗೆದದ್ದಕ್ಕೋ, ಅಷ್ಟು ಬೇಗ ತೆಗೆದದ್ದಕ್ಕೋ. ಟೈಲರನನ್ನು ಅತ್ತೆಯ ಹಿಂದೆ ಓಡಿಸಿ, ತಾನು ಡೂಪ್ಲಿಕೇಟ್‌ನ ಕೊರಳಪಟ್ಟಿ ಹಿಡಿದ. ಡೂಪ್ಲಿಕೇಟ್ ಸ್ವಲ್ಪವೂ ಹೆದರಲಿಲ್ಲ. ಕರುಣೆಯಿಂದ ನೋಡಿ, ಅವನ ಬಲಗಿವಿಯ ಹತ್ತಿರ ಬಾಯಿ ತಂದು ಹೇಳಿದ.

"ಅಣ್ಣ, ಕೂತ್ಕೊಳ್ಳಿ. ಅಮ್ಮ ಎಲ್ಲ ಹೇಳಿದ್ದಾರೆ. ನಿಮಗೆ ಮರೆವಿನ ಕಾಯಿಲೆಯಂತೆ. ಮನೇಲಿ ಮನುಷ್ಯರಿದ್ದಾರೆ ಅನ್ನೋದು ಮರೆತು ದಿನಾ ಬೀಗ ಹಾಕ್ಕೊಂಡು ಹೋಗ್ತೀರಂತೆ. ಪಾಪ, ನಿಮ್ಮ ಮನಸ್ಸು ನೋಯಬಾರದು ಅಂತ ನಾನು ತಿರುಗಿ ಬೀಗ ಹಾಕಿಡ್ತಿದ್ದೆ."

ಬೀದಿಯಲ್ಲಿ ಹಬ್ಬಿದ್ದು ಇದೇ ಸುದ್ದಿ. ಬೀಗಣ್ಣ ಎಷ್ಟು ಕಿರುಚಿ ನಿಜ ಹೇಳಿದರೂ ಡೂಪ್ಲಿಕೇಟ್ ಅರ್ಧ ಮಾತ್ರ ನಂಬಿದ. ಈ ಕಾಯಿಲೆಯವರು ತಮಗೆ ಕಾಯಿಲೆಯೇ ಇಲ್ಲ ಎನ್ನುತ್ತಾರೆಂದು ಅವನಿಗೆ ಯಾರೋ ಹೇಳಿದ್ದರಂತೆ. ಕೊನೆಗೆ ಬೀಗಣ್ಣನ ಹೆಂಡತಿಯೇ ಹೋಗಿ ವಿವರಿಸಬೇಕಾಯಿತು. ಇನ್ನು ಮುಂದೆ ಕಿಟಕಿಯಲ್ಲಿ ಯಾರು ಕೈ ತೋರಿಸಿದರೂ ನೋಡುವುದಿಲ್ಲ ಎಂದು ಡೂಪ್ಲಿಕೇಟ್ ಮಾತು ಕೊಟ್ಟ. ಬೀಗಣ್ಣ ಮರುದಿನ ನಿಶ್ಚಿಂತೆಯಿಂದ ಬೀಗ ಹಾಕಿ, ಎರಡು ಸಲ ಎಳೆದು, ಎದುರಂಗಡಿಯತ್ತ ಗೆದ್ದವನ ನೋಟ ಬೀರಿ ಹೋದ.

ಅಂಗಡಿಯಲ್ಲಿ ಸೂಟ್‌ಕೇಸಿನ ಬೀಗ ಬಿಚ್ಚುತ್ತಿದ್ದಾಗ ಫೋನು ಬಂತು. ಡೂಪ್ಲಿಕೇಟ್ ಕೂಗುತ್ತಿದ್ದುದರಿಂದ ಎಲ್ಲವೂ ಕೇಳಿಸಿತು. ಮನೆಯ ಕಿಟಕಿಯಿಂದ ಹೊಗೆ ಬರುತ್ತಿದೆ.

ಬೀಗಣ್ಣ ಓಡಿದ. ಬಸ್ ನಿಲ್ದಾಣದಿಂದ ಮನೆಗೆ ದೂರವೇನಿಲ್ಲ, ಆದರೆ ಅವನು ಓಡಿ ಎಷ್ಟೋ ಕಾಲವಾಗಿತ್ತು. ಜೇಬಿನಲ್ಲಿ ಕೀ ಕುಣಿಯುತ್ತಿತ್ತು. ಆ ಬೀಗ ಯಾರಿಂದಲೂ ತೆಗೆಯಲಾಗದಿರಲಿ ಎಂದು ಬೆಳಗ್ಗೆ ಆಸೆಪಟ್ಟಿದ್ದವನು ಈಗ ಆ ಡೂಪ್ಲಿಕೇಟ್ ನಿಜವಾಗಿ ತನಗಿಂತ ಚುರುಕಾಗಿರಲಪ್ಪ ಎಂದು ಬೇಡಿಕೊಳ್ಳುತ್ತ ಓಡಿದ.

ಅವನು ತಲುಪುವ ಹೊತ್ತಿಗೆ ಬಾಗಿಲು ಹಾರುಹೊಡೆದಿತ್ತು. ಬ್ಯಾಂಕಿನ ಬೀಗ ಎರಡು ತುಂಡಾಗಿ ಹೊಸ್ತಿಲಲ್ಲಿ ಬಿದ್ದಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆತದ್ದು ಸೀದು, ಪಕ್ಕದ ಬಟ್ಟೆಗೆ ಕಿಡಿ ತಗುಲಿ, ಅಡುಗೆಮನೆಯ ಗೋಡೆ ಕಪ್ಪಾಗಿತ್ತು, ಅಷ್ಟೇ. ಡೂಪ್ಲಿಕೇಟ್‌ನ ಹುಬ್ಬು ಒಂದು ಕಡೆ ಸುಟ್ಟಿತ್ತು. ಅತ್ತೆ ಎದುರಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಏದುಸಿರು ಬಿಡುತ್ತ ಬಂದ ಅಳಿಯನನ್ನು ನೋಡಿ, ಸುತ್ತ ನೆರೆದವರಿಗೆ ಹೇಳಿದರು.

"ನೋಡಿದ್ರಾ, ನಾನು ಹೇಳಲಿಲ್ವಾ. ಒಲೆ ಹಚ್ಚಿಟ್ಟು, ಬೀಗ ಹಾಕ್ಕೊಂಡು ಹೋಗಿದ್ದಾರೆ. ಬೈಬೇಡಿ ಅವರನ್ನ. ಬೇಕಂತ ಮಾಡಿದ್ದಲ್ಲ."

ಬೀಗಣ್ಣ ಏನೋ ಹೇಳಲು ಬಾಯಿ ತೆರೆದ. ಬೀದಿ ಗಿರ್ರನೆ ತಿರುಗಿತು. ಡೂಪ್ಲಿಕೇಟ್ ಹಿಡಿದುಕೊಳ್ಳದಿದ್ದರೆ ಅಲ್ಲೇ ಚರಂಡಿಗೆ ಬೀಳುತ್ತಿದ್ದ.

ಹಾಗಾಗಿ ಅದೇ ಸಂಜೆ ಡಾಕ್ಟರಮ್ಮನ ಮುಂದಿನ ಕುರ್ಚಿಯಲ್ಲಿ ಕೂತವನು ಬೀಗಣ್ಣ. ಅತ್ತೆ ಪಕ್ಕದಲ್ಲಿ, ಪೇಷಂಟಿನ ಕಡೆಯವರು ಕೂರುವ ಜಾಗದಲ್ಲಿ. ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, ನಂಬಿಕೆ ಬಾರದೆ ಇನ್ನೊಂದು ಸಲ ತುಂಬಿದರು. ಬಿಪಿ ಮುಗಿಲು ಮುಟ್ಟಿತ್ತು. ಸಕ್ಕರೆಯೂ ಹಿಂದೆ ಬಿದ್ದಿರಲಿಲ್ಲ. ಕಿವಿ ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮನ ಸಣ್ಣ ದನಿ ಮೊದಲ ಬಾರಿಗೆ ದೊಡ್ಡದಾಯಿತು. ಮನೆಯಲ್ಲೊಬ್ಬರನ್ನು ನೋಡುತ್ತಿದ್ದೀರಿ, ಆದರೂ ಇಷ್ಟು ಉಡಾಫೆಯೇ ಎಂದರು. ನಡುವಯಸ್ಸಿನಲ್ಲಿ ಹಿಡಿತ ತಪ್ಪಿದ ಬಿಪಿ, ಸಕ್ಕರೆ, ಜೇಬಿನಲ್ಲಿ ಇಣುಕುತ್ತಿರುವ ಈ ಸಿಗರೇಟು, ದಿನವಿಡೀ ಒಂದೇ ಸ್ಟೂಲಿನ ಮೇಲೆ ಕೂರುವುದು, ಕೇಳಿಸದೇ ಇದ್ದದ್ದಕ್ಕೆ ಜನರಿಂದ ದೂರವಾಗುವುದು, ಎಲ್ಲವೂ ಆ ಕಾಯಿಲೆಗೆ ದಾರಿ ಗುಡಿಸಿಕೊಡುತ್ತವೆ. ಇವನ್ನೆಲ್ಲ ಸರಿ ಮಾಡಿಕೊಂಡರೆ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು, ವಯಸ್ಸು, ವಂಶ ನಮ್ಮ ಕೈಲಿಲ್ಲ. ಕೈಲಿರುವುದನ್ನು ಯಾಕೆ ಬಿಡುತ್ತೀರಿ ಎಂದು ಕೇಳಿದರು.

ಆಮೇಲೆ ಬೀಗದ ಮಾತು ಬಂತು. ಒಳಗೆ ಮನುಷ್ಯರನ್ನಿಟ್ಟು ಹೊರಗೆ ಬೀಗ ಹಾಕಿದರೆ ಏನಾಗುತ್ತದೆಂದು ಈಗ ನೋಡಿದಿರಲ್ಲ ಎಂದರು. ಅವರು ಹೊರಗೆ ಹೋಗಬೇಕೆನ್ನುವುದು ಹಟವಲ್ಲ. ಜೀವನವಿಡೀ ನಡೆದವರು, ಕಾಲು ಕೇಳುತ್ತದೆ. ಹೋಗಲಿ ಬಿಡಿ, ಆದರೆ ಜೊತೆಗೆ ಯಾರಾದರೂ ಇರಲಿ.

ಯಾರು ಎಂಬ ಪ್ರಶ್ನೆಗೆ ಬೀಗಣ್ಣನ ಹೆಂಡತಿ ಅಲ್ಲಿ ಉತ್ತರ ಹೇಳಲಿಲ್ಲ. ಒಂದು ವ್ಯಾನಿನ ತುಂಬ ಮಕ್ಕಳನ್ನು ದಿನಾ ಸಂಭಾಳಿಸುವವಳು, ಯಾರಿಗೆ ಯಾವ ಕೆಲಸ ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಮನೆಗೆ ಬಂದು, ಅಮ್ಮನಿಗೆ ಚಹಾ ಕೊಟ್ಟು, ಪಕ್ಕದಲ್ಲಿ ಕೂತು ಮೆಲ್ಲಗೆ ಶುರು ಮಾಡಿದಳು.

"ಅಮ್ಮ, ಇವರನ್ನ ದಿನಾ ಬೆಳಗ್ಗೆ ನಡೆಸಬೇಕಂತೆ. ಒಬ್ಬರನ್ನೇ ಬಿಟ್ರೆ ಎಲ್ಲಿಗಾದ್ರೂ ಹೋಗ್ಬಿಡ್ತಾರೆ. ನನಗೆ ವ್ಯಾನ್ ಇದೆ. ಏನು ಮಾಡ್ಲಿ?"

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ನಾನಿರುವಾಗ ನಿನಗ್ಯಾಕೆ ಚಿಂತೆ ಎಂದರು.

ಬೀಗಣ್ಣ ಒಳಕೋಣೆಯಲ್ಲಿ ಹೆಂಡತಿಯ ಜೊತೆ ಜಗಳ ತೆಗೆದ. ನಾನೇನು ಹುಚ್ಚನೇ, ಊರವರೆದುರು ಮರೆಗುಳಿಯ ವೇಷ ಹಾಕಬೇಕೇ ಎಂದು ಹಾರಾಡಿದ. ಊರವರು ಆಗಲೇ ಹಾಕಿಸಿದ್ದಾರಲ್ಲ ರೀ, ಹೊಸದಾಗಿ ಹೊಲಿಸೋ ಖರ್ಚಿಲ್ಲ ಎಂದಳು ಹೆಂಡತಿ. ಮರುದಿನ ಅವನು ಅಂಗಡಿ ತೆರೆಯುವ ಹೊತ್ತು ಮುಂದೆ ಹಾಕಿ, ಹೊಸ ಕ್ಯಾನ್ವಾಸ್ ಶೂ ತೊಟ್ಟು ಬಾಗಿಲಲ್ಲಿ ನಿಂತ. ಅತ್ತೆ ಅವನ ಶೂ ಲೇಸು ಬಿಗಿಯಾಗಿದೆಯೇ ಎಂದು ಬಗ್ಗಿ ನೋಡಿ, ಕೈ ಹಿಡಿದು ಹೊರಟರು.

ಮೊದಲ ವಾರ ಅವನ ಪ್ರಾಣ ಹೋಯಿತು. ಅತ್ತೆಯ ವೇಗಕ್ಕೆ ಹೆಜ್ಜೆ ಹಾಕುವಷ್ಟರಲ್ಲಿ ನಾಲಿಗೆ ಹೊರಬರುತ್ತಿತ್ತು. ಕುಂಟುನೆಪ ಹೇಳಿದರೆ ಅತ್ತೆ, ಪಾಪ, ನಿನ್ನೇನೂ ಹೀಗೇ ಅಂದಿದ್ರಿ, ಮರೆತಿದ್ದೀರಿ ಎನ್ನುತ್ತಿದ್ದರು. ನಿನ್ನೆ ಏನಾಯಿತೆಂದು ಅವರಿಗೆ ನೆನಪಿರಲು ಸಾಧ್ಯವೇ ಇರಲಿಲ್ಲ. ಆದರೂ ಗುರಿ ತಪ್ಪುತ್ತಿರಲಿಲ್ಲ. ದಾರಿಯ ಮನೆಗಳವರು ಬಾಗಿಲು ತೆಗೆದು ಮೀಟರ್ ತೋರಿಸುತ್ತಿದ್ದರು. ಅತ್ತೆ ಓದುತ್ತಿದ್ದರು, ಬೈಯುತ್ತಿದ್ದರು, ನೀರು ಕುಡಿದು ಮುಂದಿನ ಮನೆಗೆ ಹೊರಡುತ್ತಿದ್ದರು. ಯಾರಾದರೂ, ಇವರು ಯಾರು ಎಂದು ಬೀಗಣ್ಣನತ್ತ ಕಣ್ಣು ಮಿಟುಕಿಸಿ ಕೇಳಿದರೆ, ನನ್ನ ಅಳಿಯ, ಹುಷಾರಿಲ್ಲ, ಜಾಸ್ತಿ ಮಾತಾಡಿಸಬೇಡಿ ಎನ್ನುತ್ತಿದ್ದರು. ಸಿಗರೇಟು ಸೇದುವ ಆಸೆಯಾದರೆ ಅವರ ಕಣ್ಣು ತಪ್ಪಿಸಬೇಕಿತ್ತು. ಒಮ್ಮೆ ಕಂಡಾಗ ಕಿತ್ತು ಎಸೆದು, ಮಗುವಿನ ಕೈಯನ್ನು ಹಿಡಿದ ಹಾಗೆ ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಅವನು ಪ್ಯಾಕೆಟ್ಟು ಮನೆಯಲ್ಲೇ ಬಿಟ್ಟುಬರತೊಡಗಿದ.

ಮನೆಯಲ್ಲಿ ಬೀಗಣ್ಣನ ಕೈಚಳಕಕ್ಕೆ ಬೇರೆ ಕೆಲಸ ಸಿಕ್ಕಿತು. ಬಾಗಿಲ ಬೀಗ ತೆಗೆದು, ಗ್ಯಾಸಿನ ಕೊಳವೆಗೆ ಕೀ ಇರುವ ತಿರುಪು ಕೂರಿಸಿದ. ಬಚ್ಚಲುಮನೆಯ ಬಾಗಿಲಿಗೆ ಹಳದಿ ಬಣ್ಣ ಬಳಿದ, ಅತ್ತೆಗೆ ಹುಡುಕುವ ಪರದಾಟ ತಪ್ಪಲೆಂದು. ಹೊಸ್ತಿಲಲ್ಲಿದ್ದ ಕಪ್ಪು ಕಾಲೊರೆಸು ಅವರಿಗೆ ಗುಂಡಿಯಂತೆ ಕಾಣುತ್ತಿತ್ತು, ಅದನ್ನು ಎತ್ತಿ ಎಸೆದ. ಹೆಂಡತಿ ತನ್ನ ಫೋನ್ ನಂಬರ್ ಕೆತ್ತಿಸಿದ ಬಳೆ ತಂದಾಗ, ನನಗ್ಯಾಕೆ, ಇವರಿಗೆ ಹಾಕು ಎಂದು ಅತ್ತೆ ಹಟ ಹಿಡಿದರು. ಕೊನೆಗೆ ಎರಡು ಬಳೆ ಬಂದವು. ಬೀಗಣ್ಣ ತನ್ನದನ್ನು ಅಂಗಿಯ ತೋಳಿನೊಳಗೆ ಮರೆಸಿಕೊಂಡು ಓಡಾಡಿದ.

ಎಲ್ಲವೂ ನಗುವಿನದಾಗಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಅತ್ತೆಗೆ ಕಳವಳ ಹುಟ್ಟುತ್ತಿತ್ತು. ಗಂಡ ಇನ್ನೂ ಬರಲಿಲ್ಲವೆಂದು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದರು. ಬೀಗಣ್ಣ ಒಂದು ಸಲ, ಮಾವ ತೀರಿಹೋಗಿ ಎಷ್ಟೋ ಕಾಲವಾಯಿತಲ್ಲ ಅತ್ತೆ ಎಂದುಬಿಟ್ಟ. ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅವರು ಕುಸಿದು ಕೂತು ಅತ್ತರು. ಆ ಅಳು ಅವನ ಹಾಳು ಕಿವಿಗೂ ಕೇಳಿಸಿತು. ಮರುದಿನ ಅದೇ ಪ್ರಶ್ನೆ ಬಂದಾಗ, ಮಾವ ಹೇಗಿದ್ದರು, ಎಷ್ಟು ಹೊತ್ತಿಗೆ ಬರುತ್ತಿದ್ದರು ಎಂದು ಅವನೇ ತಿರುಗಿ ಕೇಳಿದ. ಅತ್ತೆ ಹೇಳುತ್ತ ಹೇಳುತ್ತ ಕಾಯುವುದನ್ನು ಬಿಟ್ಟರು. ಅಂದಿನಿಂದ ಬೆಳಕು ಇರುವಾಗಲೇ ಮನೆಯ ದೀಪಗಳನ್ನೆಲ್ಲ ಹಾಕುವುದು, ಅತ್ತೆಯ ಮುಂದೆ ಒಂದು ರಾಶಿ ಹಳೆಯ ಕೀಗಳನ್ನು ಸುರಿದು ಜೋಡಿ ಹುಡುಕಲು ಕೊಡುವುದು ಅವನ ರೂಢಿಯಾಯಿತು. ಅವರು ಹುಡುಕಿದ ಜೋಡಿಗಳು ಒಂದೂ ಹೊಂದುತ್ತಿರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಅವನು ಹೊಗಳುತ್ತಿದ್ದ.

ಕಿವಿಯ ಮಷಿನ್‌ಗೆ ಒಪ್ಪಿದ್ದು ಆ ಅಳುವಿನ ನಂತರವೇ. ಹಾಕಿಕೊಂಡ ಮೊದಲ ದಿನ ಊರು ಇಷ್ಟು ಗಲಾಟೆ ಮಾಡುತ್ತದೆಯೇ ಎಂದು ಬೆಚ್ಚಿಬಿದ್ದ. ಹೆಂಡತಿ ಇಷ್ಟು ದಿನ ಗುನುಗುತ್ತಿದ್ದುದು ಹಾಡಲ್ಲ, ಬೈಗುಳ ಎಂದು ಗೊತ್ತಾಯಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿಪಿ ಇಳಿದಿತ್ತು, ಸಕ್ಕರೆ ಸುಮಾರಾಗಿತ್ತು. ಡಾಕ್ಟರಮ್ಮ ಅತ್ತೆಯನ್ನು ಹೇಗಿದ್ದೀರಿ ಎಂದು ಕೇಳಿದರೆ, ಮೊದಲಿಗಿಂತ ಪರವಾಗಿಲ್ಲ, ಊಟ ತಿಂಡಿ ಸರಿಯಾಗಿ ಮಾಡ್ತಾರೆ, ಹಟ ಕಮ್ಮಿಯಾಗಿದೆ ಎಂದು ಅಳಿಯನ ವರದಿ ಒಪ್ಪಿಸಿದರು. ಡಾಕ್ಟರಮ್ಮ ಗಂಭೀರವಾಗಿ ತಲೆಯಾಡಿಸಿ, ನೀವು ಚೆನ್ನಾಗಿ ನೋಡ್ಕೊಳ್ತಿದ್ದೀರಿ ಎಂದರು. ಅತ್ತೆಯ ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಸಾಗಿತ್ತು. ಮೊದಲಿಗಿಂತ ನಿಧಾನವೋ ಏನೋ, ಯಾರಿಗೆ ಗೊತ್ತು. ಅದು ನಿಲ್ಲುವ ಜಾತಿಯದಲ್ಲ.

ಒಂದು ಬೆಳಗ್ಗೆ ಬೀಗಣ್ಣ ಶೂ ಹಾಕಿಕೊಂಡು ಬಂದಾಗ ಅತ್ತೆ ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಅವನನ್ನು ನೋಡಿ ಸೌಜನ್ಯದಿಂದ ಪಕ್ಕಕ್ಕೆ ಸರಿದರು.

"ಯಾರನ್ನ ನೋಡ್ಬೇಕಿತ್ತು? ನಮ್ಮ ಅಳಿಯಂದ್ರು ಇನ್ನೂ ಎದ್ದಿಲ್ಲ ಅನ್ಸುತ್ತೆ."

ನಾನೇ ಅತ್ತೆ ಎಂಬುದು ಅವನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಬಗ್ಗಿ ಶೂ ಲೇಸು ಬಿಗಿ ಮಾಡಿಕೊಂಡು, ನಾನು ಹೀಗೇ ವಾಕಿಂಗ್ ಹೊರಟಿದ್ದೆ, ಜೊತೆಗೆ ಬರ್ತೀರಾ ಎಂದು ಕೇಳಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ನೋಡಿದರೆ ಒಳ್ಳೆಯವರ ಹಾಗೆ ಕಾಣ್ತೀರಿ, ನಡೀರಿ, ಅವರು ಆಮೇಲೆ ಬರಲಿ ಎಂದು ಹೊರಟರು. ಎದುರಂಗಡಿಯಲ್ಲಿ ಶಟರ್ ಎತ್ತುತ್ತಿದ್ದ ಡೂಪ್ಲಿಕೇಟ್ ಕೈಯೆತ್ತಿದ. ಬೀಗಣ್ಣನೂ ಎತ್ತಿದ.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಅಳಿಯನ ಕಥೆ ಶುರು ಮಾಡಿದರು. ಅಪರಿಚಿತರ ಹತ್ತಿರ ಮನೆಯ ಮಾತು ಎಷ್ಟು ಸಲೀಸಾಗಿ ಬರುತ್ತದೆ. ಮಗಳನ್ನು ಕೊಡುವುದಕ್ಕೆ ತಾವು ಒಪ್ಪಿರಲಿಲ್ಲವಂತೆ. ಕಳ್ಳನಿಗೂ ಇವನಿಗೂ ಏನು ವ್ಯತ್ಯಾಸ, ಇಬ್ಬರೂ ಬೇರೆಯವರ ಬೀಗ ತೆಗೆಯುವವರೇ ಎಂದು ಗಂಡನ ಜೊತೆ ವಾದ ಹಾಕಿದ್ದರಂತೆ. ಬೀಗಣ್ಣನಿಗೆ ಇದು ಹೊಸ ಸುದ್ದಿ. ಮತ್ತೆ ಹೇಗೆ ಒಪ್ಪಿದಿರಿ ಎಂದು ಕೇಳಿದ.

"ಅವರಿಗೆ ಹೇಳಬೇಡಿ, ತಲೆ ಮೇಲೆ ಕೂರ್ತಾರೆ" ಎಂದು ಅತ್ತೆ ದನಿ ತಗ್ಗಿಸಿದರು. "ನೋಡಿ ಬರೋಣ ಅಂತ ಅವರ ಅಂಗಡಿಗೆ ಮೀಟರ್ ಓದೋಕೆ ಹೋದೆ. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ತಲೆ ಎತ್ತದೆ ಕೆಲಸ ಮಾಡ್ತಾ ಇದ್ರು. ಅಮ್ಮ, ಈ ಮೀಟರ್ ನಿಧಾನ ಓಡ್ತಿದೆ, ನನಗೆ ಬಿಲ್ ಕಮ್ಮಿ ಬರ್ತಿದೆ, ಬದಲಾಯಿಸಿ ಅಂದ್ರು. ನನ್ನ ಸರ್ವೀಸಿನಲ್ಲಿ ಹಾಗಂದೋರು ಅವರೊಬ್ಬರೇ."

ಬೀಗಣ್ಣ ನಡೆಯುತ್ತಲೇ ನೆನಪಿನ ಮೂಲೆಮೂಲೆ ತಡಕಾಡಿದ. ಮೀಟರು, ಬಿಲ್ಲು, ಟಾರ್ಚು ಹಿಡಿದ ಹೆಂಗಸು, ಯಾವುದೂ ಸಿಗಲಿಲ್ಲ. ಪಕ್ಕದಲ್ಲಿ ಅತ್ತೆ ಬಿರಬಿರನೆ ಹೆಜ್ಜೆ ಹಾಕುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಆದಷ್ಟು ಸಹಜವಾಗಿ, ನಿಮ್ಮ ಅಳಿಯನಲ್ಲಿ ಇನ್ನೂ ಏನೇನು ಒಳ್ಳೇ ಗುಣ ಇದೆ ಎಂದು ಕೇಳಿದ.

"ಅಷ್ಟೇ" ಎಂದರು ಅತ್ತೆ. ಆಮೇಲೆ ಅವನ ದೋಷಗಳನ್ನು ಹೇಳತೊಡಗಿದರು. ಪಾರ್ಕಿನ ಗೇಟು ಬಂತು, ಒಂದು ಸುತ್ತು ಮುಗಿಯಿತು, ಇನ್ನೊಂದು ಸುತ್ತು ಶುರುವಾಯಿತು, ದೋಷಗಳು ಮುಗಿಯಲಿಲ್ಲ. ಹೌದೇ, ಅಯ್ಯೋ, ಹಾಗೂ ಇದ್ದಾರೆಯೇ ಎನ್ನುತ್ತ ಬೀಗಣ್ಣ ಜೊತೆಗೆ ನಡೆದ. ಅತ್ತೆಗೆ ಮುಂದಿನದು ಹೊಳೆಯದೆ ತಡವರಿಸಿದ ಕಡೆ, ತನಗೆ ಗೊತ್ತಿದ್ದ ಒಂದೆರಡನ್ನು ತಾನೇ ಸೇರಿಸಿಕೊಟ್ಟ.